ಷರಾ

ಶನಿವಾರ ಹನ್ನೆರಡಕ್ಕೆ ಉದ್ದ ಗಂಟೆ.
ಬೆಂಗ್ರೆಯ ಮರಳಿನಲ್ಲಿ ಚಪ್ಪಲಿ ಕೈಗೆತ್ತಿಕೊಂಡು
ಮಕ್ಕಳೆಲ್ಲ ಮನೆಗೆ ಓಡುವಾಗ
ಅಫ್ರೀನಾ ಮಾತ್ರ ಬೆಂಚು ಎಳೆದು ತರುತ್ತಾಳೆ, ಕರಕರ.
ಆಫೀಸಿನ ಹೊರಗೋಡೆಯಲ್ಲಿ ಮೀಟರಿನ ಪೆಟ್ಟಿಗೆ,
ಉಪ್ಪುಗಾಳಿ ತಿಂದ ಬಾಗಿಲು, ಒಳಗೊಂದು ಹಲ್ಲಿ.
ಏಳನೆಯ ಕ್ಲಾಸಿನ ಎತ್ತರಕ್ಕೆ ಬೆಂಚು ಕೂಡಿಸಿದರೆ
ಸರಿಯಾಗಿ ಕಣ್ಣಿನ ಮಟ್ಟ.

ಮೊದಲು ತಾರೀಕು ಬರುತ್ತದೆ, ಬಿಡಬೇಕು.
ಆಮೇಲೆ ಸಮಯ, ಅದನ್ನೂ ಬಿಡಬೇಕು.
ಮೂರನೆಯದಾಗಿ ಬರುವ ಅಂಕಿ ನಮ್ಮದು.
ರೆಪ್ಪೆ ಬಡಿದರೆ ಹೋಯಿತು,
ಬಲೆಯಂಚಿನಿಂದ ಹಾರಿದ ಬೂತಾಯಿ.

"ಐದು ಸಾವಿರದ ಇನ್ನೂರ ಹನ್ನೊಂದು, ಟೀಚರ್!"
ಉದ್ದದ ಪುಸ್ತಕದಲ್ಲಿ ನಾಲ್ಕು ಅಂಕಣ:
ತಾರೀಕು, ರೀಡಿಂಗು, ವಾರದ ಯೂನಿಟ್ಟು, ಷರಾ.

ಷರಾ ಅಂದರೇನು ಎಂದು ಜೂನಿನಲ್ಲಿ ಕೇಳಿದ್ದಳು.
ಹೇಳುವುದೇನಾದರೂ ಇದ್ದರೆ ಹೇಳುವ ಜಾಗ ಎಂದಿದ್ದೆ.
ಅಂದಿನಿಂದ ಆ ಅಂಕಣ ಅವಳದು.
"ಮೂವತ್ತೊಂದು. ಮಳೆ. ಹಗಲೇ ಲೈಟು ಹಾಕಿದೆವು."
"ಇಪ್ಪತ್ತೊಂಬತ್ತು. ಒಂದು ದಿನ ಮಳೆಗೆ ರಜೆ."
"ಮೂವತ್ತಮೂರು. ಒಂದು ಕ್ಲಾಸಿನವರು ಫ್ಯಾನು ಬಿಟ್ಟು
ಆಟಕ್ಕೆ ಹೋದರು. ಯಾವ ಕ್ಲಾಸು ಅಂತ ಬರೆಯುವುದಿಲ್ಲ."

ದಸರೆ ರಜೆಯ ಮೊದಲ ವಾರ. ಶಾಲೆಗೆ ಬೀಗ.
ಫ್ಯಾನಿಲ್ಲ, ಕಂಪ್ಯೂಟರಿಲ್ಲ, ಬೋರ್ಡಿನ ಮೇಲೆ ಹಳೆಯ ತಾರೀಕು.
ಮೂವತ್ತೆಂಟು ಯೂನಿಟ್.

ಫೋನಿನಲ್ಲಿ ಅವಳದು ಪಿಸುದನಿ,
ಕಳ್ಳ ಇನ್ನೂ ಗೋಡೆಯ ಹಿಂದೆ ಇದ್ದಾನೋ ಎಂಬಂತೆ.
ಬಂದರಿನಿಂದ ಸಿಕ್ಕಿದ ಫೆರಿ ಹಿಡಿದು ದಾಟಿದೆ.
ಜೆಟ್ಟಿಯಲ್ಲಿ ಆಗಲೇ ತೀರ್ಪು ಸಿದ್ಧವಾಗಿತ್ತು:
"ಮತ್ತೆ ಯಾರು? ಬೋಟಿನ ಕೆಲಸದ ಹಿಂದಿಯವರು.
ರಾತ್ರಿ ಶಾಲೆಯ ಜಗಲಿಯಲ್ಲೇ ಬಿದ್ದುಕೊಂಡಿರುತ್ತಾರೆ."
ಸುಳ್ಳಲ್ಲ. ಜಗಲಿಯ ಒಂದೇ ಪ್ಲಗ್ಗಿಗೆ
ಬೊಂಡಾಸಿನ ಕಾಲಿನ ಹಾಗೆ ಜೋತ ವಯರುಗಳನ್ನು
ನಾನೂ ಕಂಡಿದ್ದೇನೆ. ಅಷ್ಟೂ ತುದಿಗಳಲ್ಲಿ
ಅಷ್ಟೂ ಮನೆಗಳ ಫೋನು.

ಅಫ್ರೀನಾ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದಳು.
ಇಪ್ಪತ್ತು ಫೋನು, ಏಳು ರಾತ್ರಿ,
ಎಲ್ಲವೂ ಹೊಟ್ಟೆ ತುಂಬ ಕುಡಿದವು ಅಂತಲೇ ಇಟ್ಟುಕೊಳ್ಳಿ:
ಹೆಚ್ಚೆಂದರೆ ಎರಡು ಯೂನಿಟ್.
"ಉಳಿದ ಮೂವತ್ತಾರು?"

ಬಾವಿಕಟ್ಟೆಯ ಹತ್ತಿರದಿಂದ ಕೀರ್ತಿರಾಜ ಕೂಗಿದ:
"ಪಂಪು! ಒಂದು ಎಚ್‌ಪಿ ಅಂತ ಬರೆದುಂಟು!"
ಗಂಟೆಗೆ ಮುಕ್ಕಾಲು ಯೂನಿಟ್.
ಮೂವತ್ತಾರರಲ್ಲಿ ಮುಕ್ಕಾಲು ಎಷ್ಟು ಸಲ?
ನಲವತ್ತೆಂಟು.
ಎರಡು ಹಗಲು, ಎರಡು ರಾತ್ರಿ
ಟ್ಯಾಂಕಿ ತುಂಬಿ ಹರಿದಿರಬೇಕು.
ಮರಳನ್ನು ನೋಡಿದರೆ ಏನೂ ಗೊತ್ತಿಲ್ಲದ ಮುಖ,
ಅಷ್ಟನ್ನೂ ಕುಡಿದು ಒಣಗಿ ಕೂತಿತ್ತು.

ಅಡುಗೆಕೋಣೆಯ ಮೆಟ್ಟಿಲಲ್ಲಿ
ತೆಂಗಿನ ಗರಿ ಸೀಳಿ ಹಿಡಿಸೂಡಿ ಕಟ್ಟುತ್ತಿದ್ದ
ವಾರಿಜಕ್ಕನ ಕೈ ನಿಂತಿತು.
"ಶನಿವಾರ ಸಂಜೆ ಐದಕ್ಕೆ ಪಂಪು ಹಾಕಿದ್ದು ನಾನೇ, ಟೀಚರ್.
ಅಷ್ಟರಲ್ಲಿ ಫೋನು, ಮಗಳಿಗೆ ನೋವು ಸುರುವಾಗಿದೆ ಅಂತ.
ಉಟ್ಟ ಸೀರೆಯಲ್ಲೇ ಹೊಳೆ ದಾಟಿದೆ.
ನೆನಪಾದದ್ದು ಸೋಮವಾರ.
ಬಂದು ಆರಿಸುವಾಗ ಐದು ಗಂಟೆ."

ಲೆಕ್ಕ ಸರಿಯಿತ್ತು, ಒಂದು ಗಂಟೆಯೂ ಆಚೀಚೆ ಇಲ್ಲ.
ಹದಿನೇಳು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ,
ಸರಿಯಾದ ಉತ್ತರ ಕಂಡು
ಹೀಗೆ ತಲೆ ತಗ್ಗಿಸಿದ್ದಿಲ್ಲ.
ಹೆಡ್‌ಮಾಸ್ಟ್ರು ಕೇಳುತ್ತಾರೆ. ಬಿಲ್ಲು ಬರುತ್ತದೆ.
ವಾರಿಜಕ್ಕನ ಸಂಬಳ ಎಷ್ಟೆಂದು ನನಗೆ ಗೊತ್ತು.

ಅಫ್ರೀನಾ ಪೆನ್ನಿನ ತುದಿ ಕಚ್ಚಿದಳು.
"ಗಂಡೋ, ಹೆಣ್ಣೋ?"
"ಹೆಣ್ಣು ಮಾರಾಯ್ತಿ. ಎರಡೂ ಮುಕ್ಕಾಲು ಕೆ.ಜಿ."
ಇಷ್ಟು ಹೊತ್ತಿನ ಮೇಲೆ ವಾರಿಜಕ್ಕನ ಬಾಯಲ್ಲಿ
ಒಂದೇ ಒಂದು ಹಲ್ಲು ಕಂಡಿತು.

ಷರಾದಲ್ಲಿ ಬರೆದಳು, ಅಕ್ಷರ ಗೀಟು ದಾಟಿತು:
"ಫೋನಿಗೆ ಎರಡು. ಪಂಪಿಗೆ ಮೂವತ್ತಾರು.
ವಾರಿಜಕ್ಕನ ಮೊಮ್ಮಗಳು ಎರಡೂ ಮುಕ್ಕಾಲು."
ನಾನು ಕೂಡಿಸಿ ನೋಡಲಿಲ್ಲ, ಸಹಿ ಹಾಕಿದೆ.

ಮರಳುವಾಗ ಜೆಟ್ಟಿಯಲ್ಲಿ
ತೀರ್ಪು ಕೊಟ್ಟವರು ಅಲ್ಲೇ ಇದ್ದರು.
ಎರಡೇ ಯೂನಿಟ್ ಎಂದು ಹೇಳಹೊರಟೆ.
ಅವರಾಗಲೇ ಬಂಗುಡೆಯ ರೇಟಿಗೆ ದಾಟಿದ್ದರು.